ನನ್ನ ಚಿತ್ರದಲ್ಲಿ ಎಲ್ಲಾ ಹಸಿರೇ, ಆದರೆ ಬೆಟ್ಟ ದೂರ ಹೋಗ್ತಾ ಇಲ್ಲ. ಏನು ಮಾಡಲಿ?

ತೋಟದಮನೆ:
ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ. ಹಿಂದಿನ ಜಗಲಿಯಲ್ಲಿ ಕೂತರೆ ಮುಂದೆ ಕಾಫಿ ಗಿಡ, ಅದರಾಚೆ ಕರಿಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಕೆಳಗೆ ಗದ್ದೆ, ಕೊನೆಗೆ ಬೆಟ್ಟದ ಸಾಲು. ಮೂರು ತಿಂಗಳಿಂದ ಇದನ್ನೇ ವಾಟರ್ ಕಲರ್‌ನಲ್ಲಿ ಮಾಡುತ್ತಿದ್ದೇನೆ. ಪ್ರತಿ ಸಲವೂ ಹಸಿರು ಬಟ್ಟೆ ಹರಡಿದ ಹಾಗೆ ಚಪ್ಪಟೆಯಾಗಿ ಬರುತ್ತದೆ. ಶಾಲೆಯಲ್ಲಿದ್ದಾಗ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಚಿತ್ರಕಲೆಯ ಮೂಲಾಂಶಗಳು ರೇಖೆ, ಆಕಾರ, ಘನ, ಛಾಯೆ, ಬಣ್ಣ, ಟೆಕ್ಸ್ಚರ್ (ನುಣುಪು-ಒರಟು), ಅವಕಾಶ (ಸ್ಪೇಸ್, ಜಾಗ) ಅಂತ ಬಾಯಿಪಾಠ ಮಾಡಿದ್ದೆ. ಪಟ್ಟಿ ಇನ್ನೂ ನೆನಪಿದೆ. ಬ್ರಷ್ ಹಿಡಿದಾಗ ಅದನ್ನು ಹೇಗೆ ಬಳಸಬೇಕು ಅನ್ನೋದೇ ಗೊತ್ತಿಲ್ಲ.

ಡ್ರಾಯಿಂಗ್ ಮೇಷ್ಟ್ರು, ವಿರಾಜಪೇಟೆ:
ಮೇಡಂ, ಒಂದು ವಾರ ಬಣ್ಣ ಬದಿಗಿಡಿ. ಆ ನೋಟದ ಫೋಟೋ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ನಿಮ್ಮ ಚಿತ್ರಕ್ಕೂ ಹಾಗೇ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ನನ್ನ ಅಂದಾಜು, ನಿಮ್ಮ ಚಿತ್ರ ಪೂರ್ತಿ ಒಂದೇ ಬೂದು ಬಣ್ಣವಾಗಿರುತ್ತದೆ. ಆ ಪಟ್ಟಿಯಲ್ಲಿರುವ ಛಾಯೆ ಅಂದರೆ ಇದೇ, ಎಷ್ಟು ಕಪ್ಪು ಎಷ್ಟು ಬಿಳಿ ಅನ್ನೋ ಲೆಕ್ಕ. ದೂರ ಕಾಣುವುದು ಇದರಿಂದ. ನಮಗೂ ಬೆಟ್ಟಕ್ಕೂ ನಡುವೆ ಗಾಳಿ ಇದೆ, ಗಾಳಿಯಲ್ಲಿ ತೇವ ಇದೆ, ಅದು ಬೆಳಕನ್ನು ಚದುರಿಸುತ್ತದೆ, ಹಾಗಾಗಿ ದೂರ ಹೋದಷ್ಟೂ ಕಪ್ಪು ತೆಳುವಾಗಿ ಬೆಟ್ಟ ಆಕಾಶದ ಕಡೆಗೆ ವಾಲುತ್ತದೆ. ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಕೊಡಗಿನಲ್ಲಿ ಇರೋ ನಮಗೆ ದಿನಾ ಬೆಳಿಗ್ಗೆ ಕಣ್ಣೆದುರಿಗೇ ಇರುತ್ತದೆ.

ಘನ ಅರ್ಥವಾಗಬೇಕು ಅಂದರೆ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಿ, 1820ರಲ್ಲಿ ಕೊಡಗಿನ ರಾಜ ಲಿಂಗರಾಜ ಕಟ್ಟಿಸಿದ್ದು. ಅದರ ಗುಮ್ಮಟದ ಸುತ್ತ ಬರೀ ಗೆರೆ ಎಳೆದರೆ ಅರ್ಧ ವೃತ್ತ, ಅದು ಆಕಾರ ಅಷ್ಟೆ. ಬಿಸಿಲು ಬೀಳದ ಕಡೆ 4ಬಿ ಪೆನ್ಸಿಲ್‌ನಿಂದ (ಮೆತ್ತಗೆ, ಕಪ್ಪಾಗಿ ಬರೆಯುವಂಥದ್ದು) ನಿಧಾನಕ್ಕೆ ಕಪ್ಪು ಮಾಡುತ್ತಾ ಬನ್ನಿ. ಗುಮ್ಮಟ ಉಬ್ಬಿ ಬರುತ್ತದೆ. ನಾನು ಮಕ್ಕಳಿಗೆ ಇದನ್ನು ತೋರಿಸುವಾಗೆಲ್ಲ ಅವರ ಮುಖ ನೋಡೋದೇ ಖುಷಿ.

ಕಾಫಿಹೂ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಬಣ್ಣವನ್ನು ಅಷ್ಟು ಸುಲಭಕ್ಕೆ ಬಿಡೋಕೆ ನನಗೆ ಮನಸ್ಸಿಲ್ಲ. ಅಕ್ಕ, ನೀವು ಟ್ಯೂಬಿನ ಹಸಿರನ್ನು ಹಾಗೇ ಹಾಕುತ್ತಿದ್ದೀರಾ? ಹಾಕಬೇಡಿ. ನಿಂಬೆ ಹಳದಿಗೆ ಅಲ್ಟ್ರಾಮರೀನ್ ನೀಲಿ ಸೇರಿಸಿ ನೀವೇ ಹಸಿರು ಮಾಡಿ, ಜಾಸ್ತಿ ಕಿರುಚಿದರೆ ಚೂರು ಬರ್ಂಟ್ ಸಿಯೆನಾ, ಅಂದರೆ ಕೆಂಪು ಮಿಶ್ರಿತ ಕಂದು. ಹಸಿರಿಗೆ ಎದುರಿನ ಬಣ್ಣ ಕೆಂಪು, ಅದಕ್ಕೇ ಕೆಂಪು ಕಡೆಯ ಬಣ್ಣ ಸೇರಿದ ತಕ್ಷಣ ಹಸಿರಿನ ಅಬ್ಬರ ಇಳಿಯುತ್ತದೆ. ಕೆಂಪನ್ನು ಬೆರೆಸದೆ ಪಕ್ಕದಲ್ಲಿಟ್ಟರೆ ಎರಡೂ ಹೊಳೆಯುತ್ತವೆ. ಹಣ್ಣಾದ ನಾಲ್ಕು ಕಾಫಿ ಕಾಯಿ ಎಷ್ಟು ದೂರಕ್ಕೆ ಕಾಣುತ್ತೆ ನೋಡಿ.

ಇನ್ನೊಂದು, ಕಾಫಿ ಎಲೆ ನುಣುಪು, ಅದರ ಮೇಲೆ ಆಕಾಶ ಬೀಳುತ್ತದೆ. ಮೇಲ್ಭಾಗ ನಿಜವಾಗಿ ತಿಳಿ ನೀಲಿ, ಬೂದು. ಸಿಲ್ವರ್ ಓಕ್ ಎಲೆಯ ಹಿಂಬದಿ ಬೆಳ್ಳಿ. ಗಿಡ ಹಸಿರು ಅಂತ ನಮಗೆ ಮೊದಲೇ ಗೊತ್ತಲ್ವಾ, ಅದಕ್ಕೇ ನೋಡದೆ ಹಸಿರು ಹಾಕಿಬಿಡುತ್ತೇವೆ.

ಬ್ರಹ್ಮಗಿರಿ:
ಅವಕಾಶದ ಬಗ್ಗೆ, ಅಂದರೆ ಖಾಲಿ ಬಿಡುವ ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಮಂಜಿಗೆ ಬಿಳಿ ಬಣ್ಣ ಹಚ್ಚಬೇಡಿ, ವಾಟರ್ ಕಲರ್‌ನಲ್ಲಿ ಪೇಪರೇ ಬಿಳಿ. ಬೆಟ್ಟದ ಬುಡ ಒದ್ದೆ ಇರುವಾಗಲೇ ಬರೀ ನೀರಿನ ಬ್ರಷ್‌ನಲ್ಲಿ ಎಳೆದು ಅಂಚು ಅಳಿಸಿಬಿಡಿ. ಬೆಂಗಳೂರಿಗೆ ಹೋದಾಗ ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಕೆ. ವೆಂಕಟಪ್ಪ (1886–1965) ಊಟಿಯ ಬೆಟ್ಟಗಳನ್ನು ವಾಟರ್ ಕಲರ್‌ನಲ್ಲಿ ಮಾಡಿದ್ದಾರೆ, ಅವರ ಚಿತ್ರಗಳ ಸಂಗ್ರಹ ಅಲ್ಲಿದೆ. ಮತ್ತೆ ಪೇಪರ್ ದಪ್ಪದ್ದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ತಗೊಳ್ಳಿ, ತೆಳು ಪೇಪರ್ ನಮ್ಮ ಮಳೆಗೆ ಸೊಟ್ಟ ಆಗುತ್ತೆ. ಮಳೆಗಾಲದಲ್ಲಿ ಅಡುಗೆಮನೆ ಒಲೆ ಹತ್ತಿರ ಬೆಚ್ಚಗೆ ಇಡಿ, ಇಲ್ಲಾಂದ್ರೆ ಬೂಷ್ಟು ಗ್ಯಾರಂಟಿ.

ತೋಟದಮನೆ:
ಫೋಟೋ ಕಪ್ಪು-ಬಿಳುಪು ಮಾಡಿ ನೋಡಿದೆ ಸರ್. ಗದ್ದೆ ಹೆಚ್ಚುಕಡಿಮೆ ಬಿಳಿ! ನಾನು ಅದನ್ನು ಕಾಫಿ ಗಿಡದಷ್ಟೇ ಕಡು ಮಾಡಿದ್ದೆ, ಎರಡೂ ಹಸಿರು ಅಂತ. ಬೆಟ್ಟ ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ತೆಳು. ನಾಳೆ ಬೆಳಿಗ್ಗೆ ಮೂರೇ ಛಾಯೆಯಲ್ಲಿ ಪೆನ್ಸಿಲ್‌ನಿಂದ ಮಾಡ್ತೀನಿ. ಒಂದು ಪ್ರಶ್ನೆ, ಮೆಣಸಿನ ಬಳ್ಳಿಯ ಎಲೆಗಳನ್ನೆಲ್ಲ ಒಂದೊಂದಾಗಿ ಬಿಡಿಸಬೇಕಾ?

ಡ್ರಾಯಿಂಗ್ ಮೇಷ್ಟ್ರು, ವಿರಾಜಪೇಟೆ:
ಬೇಡ. ಬಳ್ಳಿ ಪೂರ್ತಿ ಒಂದು ಕಡು ಕಂಬ ಅಂತ ಹಾಕಿ. ಬಿಸಿಲು ತಾಗುವ ಅಂಚಿನಲ್ಲಿ ಏಳೆಂಟು ಎಲೆ ಮಾತ್ರ ಬಿಡಿಸಿ. ಉಳಿದ ಎಲೆಗಳನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಮಾಡಿದ ಮೇಲೆ ಇಲ್ಲೇ ಹಾಕಿ, ಕಾಯ್ತಿರ್ತೀನಿ.