ಫ್ರೆಂಚರ ‘ಅಗ್ರೆಮಾ’ಗೆ ‘ಗಮಕ’ ಎನ್ನಬಹುದೇ?

ಬಳಗದವರಿಗೆಲ್ಲ ನಮಸ್ಕಾರ.

ಫ್ರಾನ್ಸಿನ ವರ್ಸೈ ಆಸ್ಥಾನದಲ್ಲಿದ್ದ ಸಂಗೀತ ರಚನಕಾರ ಫ್ರಾಂಸ್ವಾ ಕೂಪ್ರನ್ನನ ಹಾರ್ಪ್ಸಿಕಾರ್ಡ್ (ಕೀಲಿ ಒತ್ತಿದರೆ ತಂತಿ ಮೀಟುವ ವಾದ್ಯ) ರಚನೆಗಳ ಬಗ್ಗೆ ಕೇಳುಗರಿಗೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ವಾದಕರಾದ ಸ್ಕಾಟ್ ರಾಸ್, ಕ್ರಿಸ್ತೋಫ್ ರೂಸೆ ಇಬ್ಬರೂ ಅವುಗಳ ನಾಲ್ಕೂ ಸಂಪುಟಗಳನ್ನು ಧ್ವನಿಮುದ್ರಿಸಿದ್ದಾರೆ, ಕೇಳುವುದಕ್ಕೆ ಬರವಿಲ್ಲ. ತೊಡಕಾಗಿರುವುದು ‘ಅಗ್ರೆಮಾ’ ಎಂಬ ಪದ. ಸ್ವರದ ಮೇಲೆ ಪುಟ್ಟ ಗುರುತು ಹಾಕಿ ಸೂಚಿಸುವ ಅಲುಗಾಟ, ತಿರುವುಗಳಿಗೆಲ್ಲ ಅದೇ ಹೆಸರು. ಮೂಲಾರ್ಥ ‘ಹಿತವಾದದ್ದು’.

ಮೊದಲು ‘ಗಮಕ’ ಎಂದೇ ಬರೆದೆ. ಸ್ವರದ ಕಂಪನವೇ ಗಮಕ, ಅದು ‘ಶ್ರೋತೃಚಿತ್ತಸುಖಾವಹ’ ಎಂದು ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಹೇಳುತ್ತಾನೆ. ಕೇಳುವವರ ಮನಸ್ಸಿಗೆ ಹಿತ! ಫ್ರೆಂಚ್ ಪದಕ್ಕೆ ಇದಕ್ಕಿಂತ ಹತ್ತಿರದ ನಂಟು ಎಲ್ಲಿ ಸಿಗಬೇಕು? ಕೂಪ್ರನ್ 1713ರಲ್ಲಿ ಗುರುತುಗಳ ಪಟ್ಟಿ ಕೊಟ್ಟ ಹಾಗೆ ಕರ್ನಾಟಕ ಸಂಗೀತದ ಸುಬ್ಬರಾಮ ದೀಕ್ಷಿತರೂ 1904ರಲ್ಲಿ ಗಮಕಗಳಿಗೆ ಚಿಹ್ನೆ ಕೊಟ್ಟೇ ಕೃತಿಗಳನ್ನು ಅಚ್ಚು ಹಾಕಿಸಿದರು.

ಆದರೆ ಕಿವಿ ಒಪ್ಪಲಿಲ್ಲ. ‘ಲೆ ರೊಸಿಞೊಲ್ ಆನ್ ಅಮೂರ್’ (ಒಲಿದ ನೈಟಿಂಗೇಲ್, 1722) ರಚನೆಯಲ್ಲಿ ಒಂದು ಅಲುಗಾಟ ನಿಧಾನವಾಗಿ ಶುರುವಾಗಿ, ಗೊತ್ತೇ ಆಗದ ಹಾಗೆ ವೇಗ ಏರಬೇಕೆಂದು ಕೂಪ್ರನ್ನನೇ ಸೂಚಿಸಿದ್ದಾನೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ: ಅಕ್ಕಪಕ್ಕದ ಎರಡು ತಂತಿಗಳನ್ನು ಮೀಟುವ ಸದ್ದು ಟಕ್ ಟಕ್ ಎಂದು ಬಿಡಿಬಿಡಿಯಾಗಿ ಬರುತ್ತದೆ. ಎರಡು ಸ್ವರಗಳ ನಡುವೆ ಏನೂ ಇಲ್ಲ. ವೀಣೆಯಲ್ಲಿ ತಂತಿ ಎಳೆದಾಗ ಆ ನಡುವಿನ ದಾರಿಯೇ ಅಲ್ಲವೇ ಗಮಕ? ಜೊತೆಗೆ, ಕನ್ನಡದಲ್ಲಿ ಗಮಕ ಎಂದೊಡನೆ ಕುಮಾರವ್ಯಾಸನ ಕಾವ್ಯವಾಚನವೂ ನೆನಪಾಗುತ್ತದೆ.

‘ಅಲಂಕಾರ’ವೂ ಆಗದು. ಕರ್ನಾಟಕ ಸಂಗೀತ ಕಲಿಯುತ್ತ ಜಂಟಿ ವರಸೆಯೆಂಬ ಮೊದಲ ಪಾಠಗಳನ್ನು ದಾಟಿದವರಿಗೆ ಅದು ಸಪ್ತತಾಳದ ಪಾಠ.

ಸದ್ಯಕ್ಕೆ ‘ಸ್ವರಕುಸುರಿ’ ಎಂದು ಇಟ್ಟುಕೊಂಡಿದ್ದೇನೆ. ಸಂಕ್ರಾಂತಿಯ ಕುಸುರೆಳ್ಳಿನ ಸಣ್ಣ ಸಣ್ಣ ಮುಳ್ಳುಗಳ ಚೆಲುವು ಆ ಪದಕ್ಕಿದೆ. ಅಳುಕೊಂದೇ: ಕುಸುರಿ ಎಂದರೆ ಬಿಟ್ಟರೂ ನಡೆಯುವ ಮೇಲ್ಗೆಲಸ ಅನಿಸುತ್ತದೆಯೇ? ಹಾರ್ಪ್ಸಿಕಾರ್ಡ್‌ನ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಹೆಚ್ಚುವುದಿಲ್ಲ. ಸ್ವರಕ್ಕೆ ಒತ್ತು ಕೊಡಲು ಇವು ಬೇಕೇ ಬೇಕು. ಹಾಕಿದ ಗುರುತಿಗೆ ಏನನ್ನೂ ಕೂಡಿಸಬಾರದು, ಕಳೆಯಬಾರದು ಎಂದು ಕೂಪ್ರನ್ ಮೂರನೆಯ ಸಂಪುಟದ ಮುನ್ನುಡಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದಾನೆ.

ಇನ್ನೊಂದು ಪದ ‘ಪ್ಯಾಂಸೆ’. ಸ್ವರದಿಂದ ಕೆಳಗಿನ ಸ್ವರವನ್ನು ಮುಟ್ಟಿ ಥಟ್ಟನೆ ಮರಳುವುದು. ಪದದ ಅರ್ಥ ‘ಚಿವುಟಿದ್ದು’. ಇದಕ್ಕೆ ‘ಚಿವುಟು’ ಎಂದರೆ ಸಾಕೇ? ವೀಣೆ, ಪಿಟೀಲು ನುಡಿಸುವವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.