ಪ್ಲಸ್ಸೋ ಮೈನಸ್ಸೋ

"ಪ್ಲಸ್ ತಗೊಳ್ಳಲೋ, ಮೈನಸ್ ತಗೊಳ್ಳಲೋ?" ಫೋನಿನಿಂದ ತಲೆ ಎತ್ತದೆ ಕೇಳಿದ ಸೀನ.

"ಕನ್ನಡಕವಾ?" ಎಂದರು ರಾಯರು.

"ಅಲ್ಲ ರಾಯರೇ, ಡಿವಿಡಿ. ಡಿವಿಡಿ ಪ್ಲಸ್ ಆರ್, ಡಿವಿಡಿ ಮೈನಸ್ ಆರ್. ಕ್ಲೌಡನ್ನು ನಂಬಬಾರದಂತೆ. ಫೋಟೋ, ವಿಡಿಯೋ ಎಲ್ಲ ಡಿಸ್ಕಿಗೆ ರೈಟ್ ಮಾಡಿ ಇಟ್ಟುಕೊಳ್ಳಬೇಕಂತೆ. ಈಗ ತಿಳಿದವರೆಲ್ಲ ಇದನ್ನೇ ಮಾಡುತ್ತಿದ್ದಾರೆ."

ವಾಸು ಕೋಡುಬಳೆ ಮುರಿಯುವುದನ್ನು ನಿಲ್ಲಿಸಿದ. "2002ರಲ್ಲಿ ಕೇಳಿದ್ದರೆ ನಿನ್ನನ್ನು ಬುದ್ಧಿವಂತ ಅನ್ನುತ್ತಿದ್ದೆವು. ಆಗಿನ ಪ್ಲಸ್-ಮೈನಸ್ ಜಗಳದಲ್ಲಿ ಮೂಗು ತೂರಿಸಿದ್ದ ಸೋನಿಯೇ 2025ರ ಫೆಬ್ರುವರಿಯಲ್ಲಿ ಡಿವಿಡಿ ಆದಮೇಲೆ ಬಂದ, ರೈಟ್ ಮಾಡುವ ಬ್ಲೂ-ರೇ ಡಿಸ್ಕ್ ತಯಾರಿಸುವುದನ್ನು ನಿಲ್ಲಿಸಿಬಿಟ್ಟಿತು. ನೀನು ಈಗ ಬಂದು ಪ್ಲಸ್ಸೋ ಮೈನಸ್ಸೋ ಅಂತೀಯ."

"ಮೈನಸ್ ತಗೋ," ಎಂದಳು ಪದ್ಮಕ್ಕ, ಕಾಫಿ ಲೋಟ ಇಡುತ್ತಾ. "ನಾನು ಜೆರಾಕ್ಸ್ ಅಂಗಡಿ ಇಟ್ಟಿದ್ದಾಗ ಮದುವೆ ವಿಡಿಯೋದವರೆಲ್ಲ ಮೈನಸ್ಸೇ ಕೇಳುತ್ತಿದ್ದರು. ಪ್ಲಸ್ಸಿಗೆ ಹಾಕಿಕೊಟ್ಟರೆ ಹೆಣ್ಣಿನ ಮನೆಯ ಪ್ಲೇಯರ್‌ನಲ್ಲಿ ಓಡುತ್ತಿತ್ತು, ಗಂಡಿನ ಮನೆಯ ಹಳೇ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ. ಬೀಗರಿಗೆ ಮುನಿಸಿಕೊಳ್ಳಲು ಅಷ್ಟು ಸಾಕಲ್ಲ."

"ಆದರೆ ಪ್ಲಸ್ಸೇ ಮೇಲು ಅಂತ ಓದಿದೆ," ಎಂದ ಸೀನ.

"ಕಾಗದದ ಮೇಲೆ ಹೌದು," ಎಂದ ವಾಸು. ಅವನಿಗೆ ಇಂಥದ್ದೆಲ್ಲ ಬೇಡವೆಂದರೂ ನೆನಪಿರುತ್ತದೆ. "ಎರಡರಲ್ಲೂ ಸುರುಳಿ ಗೀಟು ಇರುತ್ತದೆ, ಅದು ಸ್ವಲ್ಪ ಓಲಾಡುತ್ತದೆ. ಮೈನಸ್ಸಿನಲ್ಲಿ ಲೇಸರ್ ಎಲ್ಲಿದೆ ಅಂತ ಗೊತ್ತಾಗೋಕೆ ಗೀಟುಗಳ ನಡುವೆ ಸಣ್ಣ ಸಣ್ಣ ಗುಳಿ ಹಾಕಿರುತ್ತಾರೆ. ಪ್ಲಸ್ಸಿನಲ್ಲಿ ಆ ಲೆಕ್ಕವೆಲ್ಲ ಓಲಾಟದಲ್ಲೇ ಇರುತ್ತದೆ, ಜೋರಾಗಿ ತಿರುಗುವಾಗ ಜಾಡು ಹಿಡಿಯೋದು ಸುಲಭ. ಜಾಗ ಮಾತ್ರ ಮೈನಸ್ಸಿನಲ್ಲೇ ಒಂಚೂರು ಜಾಸ್ತಿ. ಎಷ್ಟು ಗೊತ್ತಾ? ಸುಮಾರು 70 ಲಕ್ಷ ಬೈಟ್. ಒಂದು ಎಂಪಿತ್ರೀ ಹಾಡು ಹಿಡಿಸುವಷ್ಟು."

"ಒಂದು ಹಾಡಿಗೋಸ್ಕರ ಎರಡು ಪಂಗಡವಾ?" ರಾಯರು ನಕ್ಕರು.

"ಹಾಡಿಗಲ್ಲ, ಕಾಸಿಗೆ. ಮೈನಸ್ ಪಯೋನಿಯರ್‌ದು, 1997ರದ್ದು. ಡಿವಿಡಿ ಕಂಪನಿಗಳ ಕೂಟ ಡಿವಿಡಿ ಫೋರಂ ಅದಕ್ಕೆ ಸೈ ಅಂದಿತ್ತು. ಸೋನಿ, ಫಿಲಿಪ್ಸ್, ಎಚ್‌ಪಿ, ರಿಕೋ ಎಲ್ಲ ಬೇರೆ ಗುಂಪು ಕಟ್ಟಿಕೊಂಡು 2002ಕ್ಕೆ ಪ್ಲಸ್ ಆರ್ ತಂದರು. ಸೋನಿ, ಫಿಲಿಪ್ಸ್ ಫೋರಂನಲ್ಲೂ ಇದ್ದವು, ಎರಡೂ ಪಂಕ್ತಿಯಲ್ಲಿ ಎಲೆ. ಕೊನೆಗೆ ಅದೇ ವರ್ಷ ಸೋನಿಯೇ ಎರಡನ್ನೂ ಬರೆಯುವ ಡ್ರೈವ್ ಬಿಟ್ಟಿತು. ಜಗಳ ಹಚ್ಚಿದವರೇ ರಾಜಿ ಮಾಡಿಸಿದರು, ಪಂಚಾಯ್ತಿ ಖರ್ಚು ನಮ್ಮದು."

"ಅದೇನು ಆರ್, ಆರ್‌ಡಬ್ಲ್ಯು ಅಂತ ಇರುತ್ತಲ್ಲ?"

"ರಾಯರೇ, ನೀವು ಕವಿಗೋಷ್ಠಿಗೆ ಹೋಗಿದ್ದೀರಲ್ಲ? ಆರ್ ಅಂದರೆ ಒಂದೇ ಸಲ ಬರೆಯುವ ಕವಿ. ತಪ್ಪಿದ್ದರೂ ಹಾಗೇ ಅಚ್ಚಿಗೆ. ಆರ್‌ಡಬ್ಲ್ಯು ಅಂದರೆ ಸಾವಿರ ಸಲ ಅಳಿಸಿ ಬರೆಯುವವನು. ಡಿವಿಡಿ ರ‍್ಯಾಮ್ ಅಂತ ಇನ್ನೊಬ್ಬ ಇದ್ದ, ಲಕ್ಷ ಸಲ ತಿದ್ದಬಹುದು ಅಂತಿದ್ದರು. ಮೊದಮೊದಲು ಅವನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಕೂತು ಬರುತ್ತಿದ್ದ, ಹೊದಿಸಿದ ಶಾಲು ತೆಗೆಯದೆ. ಎಲ್ಲರ ಮನೆ ಡ್ರೈವ್‌ಗೆ ಹೋಗುತ್ತಿರಲಿಲ್ಲ."

"ರೈಟ್ ಮಾಡಿದ ಮೇಲೆ ಡಿಸ್ಕ್ ಮುಗಿಸೋಕೆ ಫೈನಲೈಸ್ ಅಂತ ಒಂದಿತ್ತಲ್ಲ?" ಪದ್ಮಕ್ಕನಿಗೂ ಹುಮ್ಮಸ್ಸು ಬಂತು.

"ಅಧ್ಯಕ್ಷರ ಭಾಷಣ. ಅದು ಆಗದಿದ್ದರೆ ಹೊರಗಿನವರಿಗೆ ಗೋಷ್ಠಿ ನಡೆದದ್ದೇ ಗೊತ್ತಾಗುವುದಿಲ್ಲ."

"ಕೇಳುವವರು?"

"ಅದೇ ನನ್ನ ತಕರಾರು! ವೇದಿಕೆ ಮೇಲೆ ಮೂವತ್ತು ಜನ, ಕೆಳಗೆ ಮೈಕಿನವನು. ಈ ಸೀನನೂ ಅಷ್ಟೇ. ಒಂದು ಕಟ್ಟು ಡಿಸ್ಕ್ ತರುತ್ತಾನೆ, ಮಾರ್ಕರ್‌ನಲ್ಲಿ 'ಫೋಟೋಸ್ 1', 'ಫೋಟೋಸ್ 2', 'ಇತರೆ' ಅಂತ ಬರೆಯುತ್ತಾನೆ. ಆ 'ಇತರೆ'ಯನ್ನು ಬ್ರಹ್ಮನೂ ತೆಗೆದು ನೋಡುವುದಿಲ್ಲ."

ಪದ್ಮಕ್ಕ ತನ್ನ ಕಾಲಕ್ಕೆ ಹೋಗಿಬಿಟ್ಟಿದ್ದಳು. ಎಸ್.ಪಿ. ರೋಡಿನಿಂದ ಐವತ್ತರ ಕಟ್ಟು ತರುತ್ತಿದ್ದದ್ದು, ಮೋಸರ್ ಬೇಯರ್ ಡಬ್ಬಿಗಳನ್ನು ಗಲ್ಲಾದ ಹಿಂದೆ ಸಾಲಾಗಿ ಜೋಡಿಸುತ್ತಿದ್ದದ್ದು, ಸಿಡಿ ರೈಟ್ ಆಗುವಾಗ ಯಾರೂ ಮೌಸ್ ಮುಟ್ಟಬಾರದು ಅಂತ ಗದರುತ್ತಿದ್ದದ್ದು, ಯಾಕೆಂದರೆ ಕಂಪ್ಯೂಟರ್ ಒಂದು ಗಳಿಗೆ ತಡವರಿಸಿದರೂ ಡಿಸ್ಕ್ ಕಸ. "ಕೆಟ್ಟ ಸಿಡಿಗಳನ್ನೆಲ್ಲ ದಾರ ಕಟ್ಟಿ ಅಂಗಡಿ ಮುಂದೆ ತೂಗುಹಾಕಿದ್ದೆ. ಪಾರಿವಾಳ ಹತ್ತಿರ ಬರುತ್ತಿರಲಿಲ್ಲ. ಡಿವಿಡಿ ಬರುವ ಹೊತ್ತಿಗೆ ಡಿಸ್ಕ್ ಕೆಡುವ ಆ ಕಾಟ ತಪ್ಪಿತು. ಮೋಸರ್ ಬೇಯರ್ ಕಂಪನಿ ಈಗ ಎಲ್ಲಿದೆ?"

"2018ರಲ್ಲೇ ಬಾಗಿಲು ಹಾಕಿತಲ್ಲ," ಎಂದ ವಾಸು.

ಸೀನ ಬಿಡಲಿಲ್ಲ. "ಸಾವಿರ ವರ್ಷ ಬಾಳುವ ಡಿಸ್ಕೂ ಇದೆಯಂತೆ. ಎಂ-ಡಿಸ್ಕ್. ಮಾಮೂಲಿ ಡಿಸ್ಕಿನ ಬಣ್ಣ ಬಿಸಿಲಿಗೆ ಕೆಡುತ್ತದೆ. ಇದರಲ್ಲಿ ಬಣ್ಣದ ಬದಲು ಕಲ್ಲಿನಂಥ ಪದರದಲ್ಲಿ ಕೊರೆಯುತ್ತಾರಂತೆ."

"ಹಲ್ಮಿಡಿ ಶಾಸನ ಸಾವಿರದ ಐನೂರು ವರ್ಷ ಬಾಳಿದೆ. ಅದೂ ಆರೇ, ಆರ್‌ಡಬ್ಲ್ಯು ಅಲ್ಲ. ಓದುವುದಕ್ಕೆ ಡ್ರೈವೂ ಬೇಡ. ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ, ಕೈ ಎತ್ತಿ," ಎಂದ ವಾಸು.

ಯಾರೂ ಎತ್ತಲಿಲ್ಲ.

"ನನ್ನ ಹತ್ತಿರ ಒಂದು ಡಿಸ್ಕ್ ಇದೆ," ಎಂದರು ರಾಯರು. "ಪದ್ಮಾ, ನಿನ್ನ ಅಂಗಡಿಯಲ್ಲೇ ಹಾಕಿಸಿದ್ದು. ಮಗಳ ಸೀಮಂತದ್ದು. ಅದರಲ್ಲಿ ನಮ್ಮವಳು ಆರತಿ ಹಾಡು ಹೇಳಿದ್ದಾಳೆ."

"ನೋಡಿದ್ದೀರಾ?"

"ಇಲ್ಲ. ಆಗ ಅವಳೇ ಅಡುಗೆಮನೆಯಲ್ಲಿ ದಿನಾ ಹಾಡುತ್ತಿದ್ದಳಲ್ಲ, ಡಿಸ್ಕ್ ಹಾಕಿ ಯಾಕೆ ಕೇಳಬೇಕು ಅಂತ ಸುಮ್ನಿದ್ದೆ. ಆಮೇಲೆ ಕೇಳೋಣ ಅಂದರೆ ಪ್ಲೇಯರ್ ಗುಜರಿಗೆ ಹೋಗಿತ್ತು. ಮಗಳ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ."

ವಾಸುವಿಗೆ ಸ್ವಲ್ಪ ಹೊತ್ತು ಏನೂ ಹೊಳೆಯಲಿಲ್ಲ. ಆಮೇಲೆ, "ಸೀನ, ಒಂದು ಡಿವಿಡಿ ಡ್ರೈವ್ ಆರ್ಡರ್ ಮಾಡು," ಎಂದ.

"ಇಷ್ಟು ಹೊತ್ತು ಬೇಡ ಅಂತಿದ್ದೆ?"

"ಬರೆಯುವುದಕ್ಕೆ ಬೇಡ ಅಂದೆ. ಓದುವುದಕ್ಕೆ ತರಿಸು."

"ಅಟ್ಟದ ಮೇಲೆ ನನ್ನ ಹಳೇ ರೈಟರ್ ಇದೆ," ಎಂದಳು ಪದ್ಮಕ್ಕ. "ಟ್ರೇ ತಾನಾಗಿ ಹೊರಗೆ ಬರುವುದಿಲ್ಲ, ಮುಂದಿನ ಸಣ್ಣ ತೂತಿಗೆ ಪಿನ್ ಚುಚ್ಚಬೇಕು. ಅದರ ಅಗಲ ಪಟ್ಟಿ ಕೇಬಲ್ ಈಗಿನ ಕಂಪ್ಯೂಟರಿಗೆ ಕೂರುವುದೂ ಇಲ್ಲ, ಬಿಡು. ಹೊಸದೇ ಬರಲಿ. ರಾಯರೇ, ಡಿಸ್ಕನ್ನು ಬಿಸಿಲಿಗೆ ಇಟ್ಟಿಲ್ಲ ತಾನೇ?"

"ಬೀರುವಿನಲ್ಲಿದೆ. ಅವಳ ರೇಷ್ಮೆ ಸೀರೆಗಳ ಮಧ್ಯೆ."

"ಹಾಗಾದರೆ ಚೆನ್ನಾಗಿಯೇ ಇದ್ದೀತು. ಹಾಡನ್ನಷ್ಟೇ ಬೇರೆ ತೆಗೆದು ನಿಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಕೊಡುತ್ತೇನೆ."

"ಅಯ್ಯೋ, ಆ ಗ್ರೂಪಿಗೆ ಮಾತ್ರ ಬೇಡಮ್ಮ," ಎಂದರು ರಾಯರು. "ಅಲ್ಲಿ ಎಲ್ಲರೂ ಕವಿಗಳೇ."