ಸಮಸ್ಯಾಪೂರಣ: ‘ಎದುರಿನ ಗಾಳಿಯ ಬಲಕ್ಕೆ ಮುಂದೋಡಿತಲಾ’

ಚುಕ್ಕಾಣಿ
ಎಲ್ಲರಿಗೂ ನಮಸ್ಕಾರ. ನನ್ನ ಗೆಳೆಯನೊಬ್ಬ ರಜೆಗೆ ಪೂರ್ವ ಆಫ್ರಿಕದ ಜಾಂಜಿಬಾರಿಗೆ ಹೋಗಿದ್ದ. ದ್ವೀಪದ ಉತ್ತರ ತುದಿಯ ನುಂಗ್ವಿಯಲ್ಲಿ ಹಾಯಿದೋಣಿ ಹತ್ತಿ ತೆಗೆಸಿಕೊಂಡ ಫೋಟೊ ಮೇಲೆ ಹಾಕಿದ್ದೇನೆ. ದೋಣಿ ಅಲ್ಲಿನ ಧೋ. ಒಂದೇ ಕೂವೆಮರ, ಅದಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ಮರ, ಅದರಿಂದ ಇಳಿಬಿಟ್ಟ ಮುಕ್ಕೋನದ ಹಾಯಿ. ಹಾಯಿಗೆ ಅಲ್ಲಲ್ಲಿ ತೇಪೆ. ಗೆಳೆಯ ದೋಣಿಯ ಮುಂದಿನ ಕಡೆಗೆ ಮುಖ ಮಾಡಿ ನಿಂತಿದ್ದಾನೆ. ಕೂದಲು, ಅಂಗಿ ಎರಡೂ ಹಿಂದಕ್ಕೆ ಹಾರುತ್ತಿವೆ. ನೋಡಿದ ಕೂಡಲೇ ಹೊಳೆದ ಸಾಲು ಇದು. ಇದನ್ನೇ ಕೊನೆಯ ಸಾಲಾಗಿಟ್ಟು, ಮೇಲಿನ ಮೂರು ಸಾಲು ಬರೆದು ಕಂದ ಪದ್ಯದಲ್ಲೇ ಪೂರೈಸಿ.

ಎದುರಿನ ಗಾಳಿಯ ಬಲಕ್ಕೆ ಮುಂದೋಡಿತಲಾ

ಮಲ್ಲಿಗೆಬಳ್ಳಿ
ಬದಿಗಿಷ್ಟು ಹಾಯಿ ತಿರುವುತ
ತುದಿಗಾಣದ ನೀರ ಮೇಲೆ ಹಾವಿನ ಹಾಗೇ
ಹದವರಿತು ನಡೆಸೆ ದೋಣಿಯು
ಎದುರಿನ ಗಾಳಿಯ ಬಲಕ್ಕೆ ಮುಂದೋಡಿತಲಾ

ಚುಕ್ಕಾಣಿ
ಚೆನ್ನಾಗಿದೆ ಅಕ್ಕ.

ಗುರುಲಘು
ಸರಿ ಇದೆ.

ಅರೆಗವಿ
ಫೋಟೊ ಕೊಟ್ಟು ಸಮಸ್ಯೆ ಕೊಟ್ಟಿದ್ದೀರಿ, ಫೋಟೊದಲ್ಲಿರುವುದನ್ನೇ ಹೇಳುತ್ತೇನೆ.

ಇದೊ ಫೋಟೊ ನೋಡಿ: ಗೆಳೆಯನ
ಕೆದರಿದ ತಲೆಗೂದಲೆಲ್ಲ ಹಿಂದಕೆ ಹಾರಲ್
ಹೆದರದೆ ನಿಂತನು, ದೋಣಿಯೊ
ಎದುರಿನ ಗಾಳಿಯ ಬಲಕ್ಕೆ ಮುಂದೋಡಿತಲಾ

ಗುರುಲಘು
ಮೊದಲ ಸಾಲು ಹದಿಮೂರು ಮಾತ್ರೆ, ಕಂದಕ್ಕೆ ಬೇಕಾದದ್ದು ಹನ್ನೆರಡು. ಪದ ‘ಫೋಟೋ’. ಎರಡೂ ದೀರ್ಘ.

ಅರೆಗವಿ
ನಾನು ಬರೆದಿರುವುದು ‘ಫೋಟೊ’. ಕಣ್ಣಿಗೆ ಕಾಣುವ ಹಾಗೇ ಬರೆದಿದ್ದೇನೆ ಮೇಷ್ಟ್ರೇ.

ಗುರುಲಘು
ಬರೆದ ಮಾತ್ರಕ್ಕೆ ಸರಿಯಾಗುತ್ತದಾ? ಒಕಾರದಲ್ಲಿ ಮುಗಿಯುವ ಪದ ಕನ್ನಡಕ್ಕೆ ಅಪರೂಪ. ಹೊರಗಿನ ಪದ ತಂದಾಗ ಕೊನೆಯನ್ನು ಎಳೆಯುವುದೇ ನಮ್ಮ ರೂಢಿ. ರೇಡಿಯೋ, ಫೋಟೋ, ಆಟೋ. ಮಾತ್ರೆ ಕೂಡದೆ ಹೋದಾಗ ದೀರ್ಘ ಕಿತ್ತು ಹಾಕುವುದು ಪೂರಣ ಅಲ್ಲ.

ಅರೆಗವಿ
ರೂಢಿ ಅಂದರೆ ಬಾಯಿ. ಬೀದಿಯಲ್ಲಿ ನಿಂತು ಕೂಗುವಾಗ ‘ಆಟೋ!’ ಅಂತ ಎಳೆಯುತ್ತೀರಿ, ನಿಜ. ಮನೆಗೆ ಬಂದು ‘ಆಟೊದಲ್ಲಿ ಬಂದೆ’ ಅನ್ನುವಾಗ ಯಾರು ಎಳೆಯುತ್ತಾರೆ? ‘ಒಂದು ಫೋಟೊ ತೆಗಿ’ ಅಂತ ನಿಮ್ಮ ಮೊಮ್ಮಗಳ ಹತ್ತಿರ ಹೇಳಿ ನೋಡಿ. ‘ಟೊ’ ಗಿಡ್ಡವಾಗೇ ಬರುತ್ತದೆ. ಪತ್ರಿಕೆಗಳೂ ಎರಡು ಥರ ಅಚ್ಚು ಹಾಕುತ್ತವೆ.

ಗುರುಲಘು
ಹಾಗಾದರೆ ಹೋದ ಯುಗಾದಿಯ ಸಮಸ್ಯೆಯಲ್ಲಿ ಇದೇ ಪದವನ್ನು ಎರಡು ಗುರುವಾಗಿ ಬಳಸಿದ್ದು ಯಾರು? ನನ್ನ ಹತ್ತಿರ ಇನ್ನೂ ಇದೆ.

ಅರೆಗವಿ
ಇಟ್ಟುಕೊಂಡಿದ್ದೀರಲ್ಲ, ಸಂತೋಷ. ಅದು ಪಾದದ ಕೊನೆಯಲ್ಲಿ ಬಂದಿತ್ತು. ಅಲ್ಲಿ ಹೇಗಿದ್ದರೂ ಗುರುವೇ.

ಮಲ್ಲಿಗೆಬಳ್ಳಿ
‘ಇದೊ ಚಿತ್ರ ನೋಡಿ’ ಅಂತ ಮಾಡಿಬಿಡಿ ತಮ್ಮ. ಮಾತ್ರೆ ಅಷ್ಟೇ, ಜಗಳವೂ ಮುಗಿಯಿತು.

ಅರೆಗವಿ
ಇಲ್ಲ ಅಕ್ಕ. ಚಿತ್ರ ಯಾರೋ ಬರೆದದ್ದು ಅನ್ನಿಸುತ್ತದೆ. ಇದು ಫೋಟೊ. ಅದೇ ಕ್ಷಣದಲ್ಲಿ ಅವನ ಕೂದಲು ಹಾಗೆ ಹಾರಿತ್ತು ಅನ್ನುವುದೇ ನನ್ನ ಪದ್ಯದ ಜೀವ. ಆ ಪದ ಬಿಡುವುದಿಲ್ಲ.

ತೀರದವ
ಮಾತ್ರೆ ಹಾಗಿರಲಿ ಮಾರಾಯ್ರೆ, ಅರ್ಥ ನೋಡಿ. ಕೂದಲು ಹಿಂದಕ್ಕೆ ಹಾರಿದ ಮಾತ್ರಕ್ಕೆ ಗಾಳಿ ನೇರ ಎದುರಿಂದ ಅಂತ ಹೇಳಲಿಕ್ಕೆ ಆಗುವುದಿಲ್ಲ. ದೋಣಿ ಓಡುವಾಗ ಅದರ ಓಟದ ಗಾಳಿಯೂ ಸೇರುತ್ತದೆ. ಗಾಳಿ ಬದಿಯಿಂದ ಬಂದರೂ ದೋಣಿಯ ಮೇಲೆ ನಿಂತವನಿಗೆ ಅದು ಮುಂದಿನಿಂದ ಬಂದ ಹಾಗೆ ತಾಗುತ್ತದೆ. ನೇರ ಎದುರು ಗಾಳಿಗೆ ಯಾವ ಹಾಯಿದೋಣಿಯೂ ಹೋಗುವುದಿಲ್ಲ, ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ ಅಷ್ಟೇ. ಓರೆಯಾಗಿ ಹೋಗಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅಕ್ಕನ ‘ಹಾವಿನ ಹಾಗೇ’ ಸರಿಯಾಗಿ ಕೂತಿದೆ. ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ.

ಚುಕ್ಕಾಣಿ
ಧೋ ಕೂಡ ಹಾಗೇ ಹೋಗುತ್ತದಾ?

ತೀರದವ
ಹೋಗುತ್ತದೆ, ಆದರೆ ಕಷ್ಟ. ಫೋಟೊದಲ್ಲಿ ಆ ಓರೆ ಮರ ನೋಡಿ, ಎಷ್ಟು ಉದ್ದ ಇದೆ. ದಿಕ್ಕು ಬದಲಿಸುವಾಗ ಹಾಯಿ ಸಮೇತ ಅದನ್ನು ಕೂವೆಮರದ ಮುಂದಿನಿಂದ ದಾಟಿಸಿ ಇನ್ನೊಂದು ಬದಿಗೆ ತರಬೇಕು. ಹಾಗಾಗಿ ಮೂತಿಯನ್ನು ಗಾಳಿಗೆ ಕೊಡುವುದಿಲ್ಲ, ಹಿಂಭಾಗವನ್ನು ಗಾಳಿಗೆ ಕೊಟ್ಟು ಸುತ್ತು ಹೊಡೆದು ತಿರುಗಿಸುತ್ತಾರೆ. ಆ ಸುತ್ತಿನಲ್ಲಿ ಗಳಿಸಿದ್ದು ಸ್ವಲ್ಪ ಕಳೆದುಹೋಗುತ್ತದೆ. ಅದಕ್ಕೇ ಹಿಂದಿನವರು ಗಾಳಿಯ ಜೊತೆ ಹಟ ಮಾಡುತ್ತಿರಲಿಲ್ಲ, ಕಾಯುತ್ತಿದ್ದರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ, ಅಲ್ಲಿಯವರ ಬಾಯಲ್ಲಿ ಕಸ್ಕಾಜಿ. ಅದು ಹಡಗುಗಳನ್ನು ಅರಬಸ್ತಾನದಿಂದ, ಕಚ್ಛಿನ ಮಾಂಡವಿಯಿಂದ ಆಫ್ರಿಕಕ್ಕೆ ಒಯ್ಯುತ್ತಿತ್ತು. ಏಪ್ರಿಲ್ ಹೊತ್ತಿಗೆ ತೆಂಕಣ ಗಾಳಿ ಏಳುತ್ತದೆ, ಅದು ಕೂಸಿ. ಅದೇ ವಾಪಸು ತರುತ್ತಿತ್ತು. ನನ್ನ ಪೂರಣ ಅದರ ಮೇಲೆ.

ಮೊದಲೊಯ್ದ ಗಾಳಿ ನಿಂತಿತು
ಕದಲದೆ ಕಾದಿತ್ತು ನಾವೆ ಬೇರೊಂದೂರೊಳ್
ಒದಗಿರೆ ಮುಂಗಾರ್ ಮನೆಗದು
ಎದುರಿನ ಗಾಳಿಯ ಬಲಕ್ಕೆ ಮುಂದೋಡಿತಲಾ

ಮಲ್ಲಿಗೆಬಳ್ಳಿ
ಬಹಳ ಹಿಡಿಸಿತು.

ಗುರುಲಘು
ಕಂದ ಚೊಕ್ಕ. ಒಂದೇ ಪ್ರಶ್ನೆ. ಮುಂಗಾರು ಬಂದರೆ ನಿಮ್ಮ ಕಡೆ ಕಡಲಿಗೆ ಇಳಿಯುವವರೇ ಇಲ್ಲವಲ್ಲ? ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ.

ತೀರದವ
ಅದಕ್ಕೇ ‘ಒದಗಿರೆ’ ಅಂದದ್ದು ಮೇಷ್ಟ್ರೇ. ಗಾಳಿ ಏಳುವ ಹೊತ್ತಿಗೇ ಹೊರಟು, ಅಬ್ಬರ ಶುರುವಾಗುವ ಮೊದಲು ದಡ ಸೇರಬೇಕು. ತಡವಾದರೆ ಮಳೆಗಾಲ ಕಳೆಯುವವರೆಗೆ ಅಲ್ಲೇ.

ಚುಕ್ಕಾಣಿ
ನಮ್ಮ ಕರಾವಳಿಗೂ ಆ ತೀರಕ್ಕೂ ವ್ಯಾಪಾರ ಇತ್ತಲ್ವಾ?

ತೀರದವ
ಇತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮುಂದೆ ಮಂಗಳೂರು ಹಂಚು ಪೂರ್ವ ಆಫ್ರಿಕದವರೆಗೂ ಹೋಯಿತು. ಹಳೆ ಬಂದರಿನಲ್ಲಿ ಈಗಲೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ತುಂಬಿಕೊಂಡು ಹೋಗುವ ಮಂಜಿಗಳಿವೆ, ಅಂದರೆ ಮರದ ಸರಕು ದೋಣಿಗಳು. ಎಂಜಿನ್ ಬಂದಿದೆ, ಹೆಸರು ಮಾತ್ರ ಹಳೆಯದೇ.

ಅರೆಗವಿ
ವಿಷಯ ಹಂಚಿನವರೆಗೆ ಹೋಯಿತು, ನನ್ನ ಫೋಟೊ ಮಾತ್ರ ಇನ್ನೂ ಹದಿಮೂರರಲ್ಲೇ ನಿಂತಿದೆ. ಮೇಷ್ಟ್ರಿಗೆ ಇನ್ನೊಂದು.

ಹದ ತಪ್ಪಿದೆ ಪದವೆನ್ನುತ
ಒದರಿದರೂ ಹಳೆಯ ಗೆಳೆಯರಿಲ್ಲಿಯೆ ದಿನವೂ
ಬೆದರದ ನನ್ನಯ ಕವಿತೆಯು
ಎದುರಿನ ಗಾಳಿಯ ಬಲಕ್ಕೆ ಮುಂದೋಡಿತಲಾ

ಮಲ್ಲಿಗೆಬಳ್ಳಿ
ಶಭಾಷ್!

ಗುರುಲಘು
‘ಒದರಿದರೂ’ ಅಂದಿದ್ದಕ್ಕೆ ಬೇಜಾರಿಲ್ಲ. ‘ಹಳೆಯ ಗೆಳೆಯರು’ ಅಂದಿರಲ್ಲ, ಅದಕ್ಕೆ ಸಂತೋಷ. ಪದ್ಯದಲ್ಲಿ ಒಂದು ಮಾತ್ರೆಯೂ ಆಚೀಚೆ ಇಲ್ಲ. ‘ನನ್ನಯ’ದ ಆ ‘ಯ’ ಸುಮ್ನೆ ತುಂಬಿಸಿದ್ದು, ಆದರೂ ಬಿಟ್ಟಿದ್ದೇನೆ. ‘ಫೋಟೋ’ ಮಾತ್ರ ಒಪ್ಪುವುದಿಲ್ಲ.

ಅರೆಗವಿ
ಒಪ್ಪಬೇಡಿ. ಮುಂದಿನ ಸಲವೂ ಅದನ್ನೇ ಬಳಸುತ್ತೇನೆ.

ಚುಕ್ಕಾಣಿ
ಎಲ್ಲ ಪೂರಣಗಳನ್ನೂ ಗೆಳೆಯನಿಗೆ ಕಳಿಸಿದೆ. ಗಾಳಿ ಎಡಬದಿಯಿಂದ ಬರುತ್ತಿತ್ತಂತೆ, ತೀರದವರು ಹೇಳಿದ್ದೇ ಸರಿ. ನನ್ನ ಆಯ್ಕೆಯೂ ಅವರ ಪದ್ಯವೇ. ಗಾಳಿ ತಿರುಗಿದ್ದನ್ನು ಹಿಡಿದದ್ದು ಅವರೊಬ್ಬರೇ. ಮುಂದಿನ ಸಮಸ್ಯೆ ಅವರು ಕೊಡಲಿ.

ಗುರುಲಘು
ನನ್ನ ಆಯ್ಕೆ ಅಕ್ಕನದು. ದಾಖಲಾಗಿರಲಿ.

ತೀರದವ
ಕಂದವೇ ಇರಲಿ.

ಮಳೆ ಬಂದರೆ ಊರ ಕೆರೆಯು ಬತ್ತಿತು ನೋಡಾ

ಗುರುಲಘು
‘ಬಂದರೆ ಊರ’ ಅಲ್ಲಿ ಸಂಧಿ ಬಿಟ್ಟಿದ್ದೀರಿ.